ಅಣು ಸಿಕ್ಕಿತು, ಅದು ತಾಗುವ ಜೀನ್ ಯಾವುದು? ಬಳ್ಳಾರಿ ಲ್ಯಾಬಿನ ಅನುಭವ

ಕ್ಷಯದ ಬ್ಯಾಕ್ಟೀರಿಯಾದ ನಿರುಪದ್ರವಿ ಬಂಧು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಮೇಲೆ ನಾವು ಸಣ್ಣ ಅಣುಗಳನ್ನು ಪರೀಕ್ಷಿಸುತ್ತೇವೆ. ಕೊಲ್ಲುವ ಅಣು ಸಿಗುತ್ತದೆ; ಅದು ಕೋಶದಲ್ಲಿ ಎಲ್ಲಿ ತಾಗುತ್ತದೆ ಎಂಬುದನ್ನು ಹಿಡಿಯುವುದೇ ಕಷ್ಟ. ಆ ಅಣುವಿಗೆ ಬಗ್ಗದ ನಿರೋಧಕ ಮ್ಯುಟೆಂಟ್ (ಜೀನ್ ಬದಲಾದ ಕೋಶ) ಬೆಳೆಸಿ ಅದರ ಜೀನೋಮ್ (ಇಡೀ ಡಿಎನ್‌ಎ) ಓದಿದರೆ ಅದು ಬಯಲಾಗುತ್ತದೆ. ಕ್ಷಯದ ಔಷಧ ಬೆಡಾಕ್ವಿಲಿನ್, ಕೋಶಕ್ಕೆ ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್ ಕಿಣ್ವಕ್ಕೆ ತಾಗುತ್ತದೆಂದು 2005ರಲ್ಲಿ ತಿಳಿದದ್ದೂ ಹೀಗೇ.

ಸ್ಕ್ರೀನಿಂಗ್‌ಗೆ 96 ವೆಲ್ (ಪುಟ್ಟ ಗುಳಿ) ಪ್ಲೇಟ್ ಸಾಕು. ಅಣು 10 ಮೈಕ್ರೋಮೋಲಾರ್, ಅದನ್ನು ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ. 1 ಮೀರಬಾರದು. ಮೀಡಿಯಾಕ್ಕೆ (ಕೋಶ ಬೆಳೆಸುವ ಪೋಷಕ ದ್ರವ) ಶೇ. 0.05 ಟ್ವೀನ್-80 ಡಿಟರ್ಜೆಂಟ್ ಹಾಕದಿದ್ದರೆ ಕೋಶಗಳು ಗಂಟುಕಟ್ಟುತ್ತವೆ. ಬೆಳೆದದ್ದನ್ನು ರೆಸಾಜುರಿನ್ ಬಣ್ಣ ತೋರಿಸುತ್ತದೆ: ನೀಲಿ ಉಳಿದರೆ ಬೆಳವಣಿಗೆ ನಿಂತಿದೆ, ಗುಲಾಬಿಯಾದರೆ ನಿಂತಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುತ್ತದೆ. ಸಾದಾ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಣ್ಣಗಾಗಿಸಲಾರದು. 37ಕ್ಕೆ ಇಟ್ಟರೂ ಅಲ್ಲಿ ನಿಲ್ಲುವುದಿಲ್ಲ. ತಣ್ಣಗೂ ಮಾಡಬಲ್ಲ ಬಿಒಡಿ ಇನ್‌ಕ್ಯುಬೇಟರೇ ಬೇಕು. ಅಂಚಿನ ವೆಲ್‌ಗಳು ಬೇಗ ಒಣಗುವುದರಿಂದ ಅವುಗಳಲ್ಲಿ ಬರೀ ನೀರು ತುಂಬಿ, ಪ್ಲೇಟನ್ನು ಒದ್ದೆ ಹತ್ತಿಯ ಡಬ್ಬಿಯಲ್ಲಿಡಿ.

ಮುಂದಿನದು ನಿಜವಾದ ಕೆಲಸ. ಎಂಐಸಿಯನ್ನು (ಬೆಳವಣಿಗೆ ನಿಲ್ಲಿಸುವ ಕನಿಷ್ಠ ಔಷಧ ಪ್ರಮಾಣ) ಅಗರ್ (ಗಟ್ಟಿ ಮೀಡಿಯಾ) ಮೇಲೆ ಮತ್ತೆ ಅಳೆಯಿರಿ. ದ್ರವದಲ್ಲಿ ಬಂದ ಅಂಕಿ ಇಲ್ಲಿ ಹೊಂದುವುದಿಲ್ಲ. ಅದರ 4 ಮತ್ತು 8 ಪಟ್ಟು ಔಷಧವಿರುವ ಪ್ಲೇಟ್‌ಗಳಿಗೆ ಸುಮಾರು 100 ಕೋಟಿ ಕೋಶ ಹರಡಿ. ಒಂದೇ ಟ್ಯೂಬಿನಿಂದ ಹತ್ತು ಕಾಲೊನಿ ತೆಗೆಯಬೇಡಿ: ಅವೆಲ್ಲ ಒಂದೇ ತಾಯಿಕೋಶದ ಸಂತತಿ ಆಗಿರಬಹುದು, ಆಗ ಹತ್ತು ಜೀನೋಮ್ ಓದಿಸಿದರೂ ಉತ್ತರ ಒಂದೇ. ಬೇರೆ ಬೇರೆ ಹತ್ತು ಟ್ಯೂಬ್ ಬೆಳೆಸಿ, ಒಂದೊಂದರಿಂದ ಒಂದೇ ಕಾಲೊನಿ ತೆಗೆಯಿರಿ. ಅದನ್ನು ಔಷಧವಿಲ್ಲದ ಅಗರ್ ಮೇಲೆ ಬೆಳೆಸಿ, ಎಂಐಸಿ ಕನಿಷ್ಠ 4 ಪಟ್ಟು ಏರಿದೆಯೇ ನೋಡಿ. ಏರದಿದ್ದರೆ ಅದು ತಾತ್ಕಾಲಿಕ ಸಹನೆಯಷ್ಟೇ.

ಜೀನೋಮ್ ಸುಮಾರು 70 ಲಕ್ಷ ಬೇಸ್; ಪ್ರತಿ ಬೇಸನ್ನು ಸರಾಸರಿ 50 ಸಲ ಓದಲು 35 ಕೋಟಿ ಬೇಸ್ ಸಾಕು. ನಿಮ್ಮದೇ ಮೂಲ ತಳಿಯನ್ನೂ ಓದಿಸಿ, ಇಲ್ಲದಿದ್ದರೆ ಲ್ಯಾಬಿನಲ್ಲಿ ಮೊದಲೇ ಸೇರಿಕೊಂಡ ಹಳೆಯ ಬದಲಾವಣೆಗಳು ಹೊಸವೆಂದು ಕಾಣುತ್ತವೆ.

ಒಂದೇ ಜೀನ್ ಮೂರ್ನಾಲ್ಕು ಮ್ಯುಟೆಂಟ್‌ಗಳಲ್ಲಿ ಬಂದರೂ ಅವಸರ ಬೇಡ. ಬದಲಾವಣೆಗಳು ಒಂದೇ ಜಾಗದಲ್ಲಿ ಒತ್ತಾಗಿದ್ದರೆ ಅದೇ ಗುರಿ ಇರಬಹುದು. ಜೀನಿನ ಉದ್ದಕ್ಕೂ ಜೀನನ್ನೇ ಕೆಡಿಸುವ ಸ್ಟಾಪ್ ಕೋಡಾನ್, ಫ್ರೇಮ್‌ಶಿಫ್ಟ್ ಬದಲಾವಣೆಗಳು ಹರಡಿದ್ದರೆ, ಕೆಟ್ಟದ್ದು ಔಷಧವನ್ನು ಚುರುಕುಗೊಳಿಸುವ ಕಿಣ್ವವಾಗಿರಬಹುದು. ಕ್ಷಯದ ಔಷಧ ಐಸೋನಿಯಾಜಿಡ್ ವಿಷಯದಲ್ಲಿ ಗುರಿ ಇನ್‌ಹೆಚ್‌ಎ ಕಿಣ್ವ, ಆದರೆ ನಿರೋಧ ಹೆಚ್ಚಾಗಿ ಬರುವುದು ಅದನ್ನು ಚುರುಕುಗೊಳಿಸುವ ಕ್ಯಾಟ್‌ಜಿ ಕೆಡುವುದರಿಂದ. ಇದನ್ನು ಬಿಡಿಸಲು, ಬದಲಾದ ಜೀನನ್ನು ಮಾತ್ರ ಮೂಲ ತಳಿಗೆ ಹಾಕಿ ಎಂಐಸಿ ಏರುತ್ತದೆಯೇ ನೋಡುತ್ತೇವೆ. ಜೊತೆಗೆ ಶುದ್ಧೀಕರಿಸಿದ ಪ್ರೋಟೀನನ್ನೇ ಆ ಅಣು ತಡೆಯುತ್ತದೆಯೇ ಎಂದೂ ಅಳೆಯುತ್ತೇವೆ. ಈ ಎರಡೂ ಒಪ್ಪದೆ ಯಾವ ಜೀನನ್ನೂ ಗುರಿ ಎಂದು ಬರೆಯುವುದಿಲ್ಲ.