ಮೊದಲ ಪೂಲ್ ಕ್ಯೂ: ಡ್ರ್ಯಾಗನ್ ಚಿತ್ರ ಬಿಡಿ, ತುದಿ ನೋಡಿ

ಕೇರಂ ಆಡಲು ಕರೆದರೆ ಕೆಲವರು ಜೇಬಿನಲ್ಲಿ ತಮ್ಮದೇ ಸ್ಟ್ರೈಕರ್ ಇಟ್ಟುಕೊಂಡು ಬರುತ್ತಾರೆ. ಮೊದಲ ಸಲ ನೋಡಿದಾಗ ಶೋಕಿ ಅನ್ನಿಸುತ್ತದೆ. ನಾಲ್ಕು ಬೋರ್ಡ್ ಆಡುವಷ್ಟರಲ್ಲಿ ಕಾರಣ ಗೊತ್ತಾಗುತ್ತದೆ. ಬೋರ್ಡ್ ಬೇರೆಯವರದು, ಪೌಡರ್ ಬೇರೆಯವರದು, ಎದುರು ಕೂತವರೂ ಹೊಸಬರು. ಬೆರಳಿಗೆ ಪರಿಚಯ ಇರುವುದು ಆ ಸ್ಟ್ರೈಕರ್ ಒಂದೇ.

ಪೂಲ್ ಆಟದಲ್ಲಿ ಬಾಲ್ ಹೊಡೆಯುವ ಕೋಲು, ಅಂದರೆ ಕ್ಯೂ ಕೂಡ ಹಾಗೆಯೇ. ಪಾರ್ಲರ್‌ನ ಸ್ಟ್ಯಾಂಡಿನಲ್ಲಿ ನಿಂತ ಕ್ಯೂಗಳು ದಿನಕ್ಕೆ ಹತ್ತಾರು ಕೈ ದಾಟುತ್ತವೆ. ಒಂದರ ತುದಿ ಸವೆದು ಚಪ್ಪಟೆಯಾಗಿರುತ್ತದೆ, ಇನ್ನೊಂದು ನುಗ್ಗೆಕಾಯಿ ಹಾಗೆ ಬಾಗಿರುತ್ತದೆ. ನಿನ್ನೆ ಚೆನ್ನಾಗಿ ಆಡಿದ ಕ್ಯೂ ಇವತ್ತು ಬೇರೆಯವರ ಕೈಯಲ್ಲಿರುತ್ತದೆ. ಶಾಟ್ ತಪ್ಪಿದಾಗ ತಪ್ಪು ಕೈಯದೋ ಕೋಲಿನದೋ ತಿಳಿಯುವುದೇ ಇಲ್ಲ. ಕಲಿಯುವವರಿಗೆ ಸ್ವಂತ ಕ್ಯೂ ಬೇಕಾಗುವುದು ಇದಕ್ಕೇ.

ನಾನು ಮೊದಲ ಕ್ಯೂ ತರಿಸಿದ್ದು ಆನ್‌ಲೈನ್‌ನಲ್ಲಿ. ಕಪ್ಪು ಬಣ್ಣ, ಹಿಡಿಕೆಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್, ಜೊತೆಗೊಂದು ಬ್ಯಾಗು. ಬೆಲೆ 1,400 ರೂಪಾಯಿ. ಪಾರ್ಲರ್‌ಗೆ ಒಯ್ದ ಮೊದಲ ಸಂಜೆ, ಮೂರನೇ ಬ್ರೇಕ್‌ಗೇ (ಆಟ ಶುರುಮಾಡುವ ಜೋರು ಹೊಡೆತ) ಕ್ಯೂ ತುದಿಯ ಟಿಪ್ ಹಾರಿಹೋಗಿ ಪಕ್ಕದ ಟೇಬಲ್ ಕೆಳಗೆ ಉರುಳಿತು. ಪಾರ್ಲರ್‌ನ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಅಣ್ಣ ಬಗ್ಗಿ ಹೆಕ್ಕಿಕೊಂಡು ಬಂದು ನನ್ನ ಅಂಗೈಗೆ ಹಾಕಿದರು. "ತಿರುಪಿನ ಟಿಪ್ಪು ಇದು. ಡ್ರ್ಯಾಗನ್‌ಗೆ ಕೊಟ್ಟಿದ್ದನ್ನ ಇದಕ್ಕೆ ಕೊಟ್ಟಿದ್ರೆ ಆಗ್ತಿತ್ತು" ಅಂದರು. ಮುಂದೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಅವರು ಆಮೇಲೆ ಹೇಳಿಕೊಟ್ಟದ್ದೇ.

ಮೊದಲು ಟೇಬಲ್ ಯಾವುದು ನೋಡಿ

ಪಾರ್ಲರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಥರದ ಟೇಬಲ್ ಇರುತ್ತವೆ. 12 ಅಡಿ ಉದ್ದದ್ದು ಸ್ನೂಕರ್ ಟೇಬಲ್. ಪೂಲ್ ಟೇಬಲ್ ಚಿಕ್ಕದು, ಟೂರ್ನಮೆಂಟ್ ಸೈಜ್ ಅಂದರೆ 9 ಅಡಿ. ಸ್ನೂಕರ್ ಬಾಲ್ 52.5 ಮಿ.ಮೀ., ಪೂಲ್ ಬಾಲ್ 57.15 ಮಿ.ಮೀ. ಪೂಲ್ ಬಾಲ್‌ಗೆ ತೂಕವೂ ಜಾಸ್ತಿ. ಅದಕ್ಕೆ ತಕ್ಕ ಹಾಗೆ ಕ್ಯೂ ಬದಲಾಗುತ್ತದೆ. ಸ್ನೂಕರ್ ಕ್ಯೂನ ಟಿಪ್ 9ರಿಂದ 10 ಮಿ.ಮೀ. ಇರುತ್ತದೆ, ಪೂಲ್ ಕ್ಯೂನದು ಸುಮಾರು 13 ಮಿ.ಮೀ. ಸ್ನೂಕರ್ ಕ್ಯೂ ತುದಿಯಲ್ಲಿ ಹಿತ್ತಾಳೆಯ ಬಳೆ ಹೊಳೆಯುತ್ತದೆ. ಪೂಲ್ ಕ್ಯೂಗೆ ಹೆಚ್ಚಾಗಿ ಬಿಳಿ ಬಳೆ. ಈ ಬಳೆಯನ್ನು ಫೆರೂಲ್ ಅನ್ನುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರ ಆಟ ನೋಡಿ ಹುಚ್ಚು ಹಿಡಿಸಿಕೊಂಡ ಹುಡುಗರು ಜಾಸ್ತಿ. ಅಡ್ವಾಣಿ ಗೆದ್ದಿರುವ ಇಪ್ಪತ್ತೈದಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ನವು. ಅವರ ಕೈಯಲ್ಲಿ ಕಾಣುವುದು ಸಣ್ಣ ತುದಿಯ ಕ್ಯೂ. ಅಂಥದ್ದನ್ನೇ ಕೊಂಡು ತಂದು ಪೂಲ್ ಟೇಬಲ್‌ನಲ್ಲಿ ಜೋರಾಗಿ ಬ್ರೇಕ್ ಹೊಡೆದರೆ ತುದಿ ಬೇಗ ಹಾಳಾಗುತ್ತದೆ. ನೀವು ದಿನಾ ಆಡುವ ಟೇಬಲ್ ಯಾವುದೋ ಅದಕ್ಕೆ ತಕ್ಕ ಕ್ಯೂ ತಗೊಳ್ಳಿ. ಎರಡೂ ಆಡುತ್ತೀರಾ? ಜಾಸ್ತಿ ಆಡುವುದಕ್ಕೆ ಮೊದಲು ತಗೊಳ್ಳಿ, ಇನ್ನೊಂದಕ್ಕೆ ಪಾರ್ಲರ್‌ನದೇ ಇರಲಿ.

ಎರಡು ವಾರ ಪಾರ್ಲರ್‌ನ ಕ್ಯೂನಲ್ಲೇ ಆಡಿ

ಕೊಳ್ಳುವ ಮೊದಲು ನಿಮ್ಮ ಕೈಗೆ ಎಷ್ಟು ತೂಕ ಹಿತ ಅಂತ ತಿಳಿಯಬೇಕು. ಅದಕ್ಕೆ ಪಾರ್ಲರ್‌ಗಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಅಲ್ಲಿ ಎಲ್ಲ ತೂಕದವೂ ಇರುತ್ತವೆ. ಅನೇಕ ಕ್ಯೂಗಳ ಬುಡದ ಹತ್ತಿರ 18, 19, 20, 21 ಅಂತ ಅಂಕಿ ಇರುತ್ತದೆ. ಅದು ಔನ್ಸ್ ಲೆಕ್ಕ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. 19 ಔನ್ಸ್ ಕ್ಯೂ ಸುಮಾರು 540 ಗ್ರಾಂ ತೂಗುತ್ತದೆ, ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್‌ಗಿಂತ ಒಂದಿಷ್ಟು ಜಾಸ್ತಿ.

ದಿನಕ್ಕೊಂದು ತೂಕ ಹಿಡಿದು ಆಡಿ. ಗಮನಿಸಬೇಕಾದದ್ದು ಒಂದೇ: ಮೆಲ್ಲಗೆ ಹೊಡೆಯುವ ಶಾಟ್. ಜೋರಾಗಿ ಹೊಡೆಯುವಾಗ ಎಲ್ಲ ಕ್ಯೂ ಒಂದೇ ಥರ ಅನ್ನಿಸುತ್ತದೆ. ಕ್ಯೂನಿಂದ ಹೊಡೆಯುವ ಬಿಳಿ ಬಾಲ್ ಒಂದು ಗೇಣು ಮಾತ್ರ ಹೋಗಿ ನಿಲ್ಲಬೇಕಾದಾಗ ತೂಕ ಮಾತಾಡುತ್ತದೆ. ಭಾರ ಜಾಸ್ತಿಯಾದರೆ ಬಾಲ್ ನೀವು ಅಂದುಕೊಂಡದ್ದಕ್ಕಿಂತ ಮುಂದೆ ಓಡುತ್ತದೆ. ಹಗುರವಾದರೆ ಕೈ ಅಡ್ಡ ಅಲುಗುತ್ತದೆ. ಏನೂ ಗೊತ್ತಾಗದಿದ್ದರೆ 19 ತಗೊಳ್ಳಿ, ತಪ್ಪಾಗುವುದಿಲ್ಲ. ಬಹಳಷ್ಟು ಕ್ಯೂಗಳ ಬುಡದಲ್ಲಿ ರಬ್ಬರ್ ಬಿರಡೆಯ ಒಳಗೆ ಒಂದು ಬೋಲ್ಟ್ ಇರುತ್ತದೆ. ಅದನ್ನು ಬದಲಿಸಿ ಆಮೇಲೆ ಒಂದೆರಡು ಔನ್ಸ್ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪೂಲ್ ಕ್ಯೂ ಸಾಮಾನ್ಯವಾಗಿ 57 ಅಥವಾ 58 ಇಂಚು. ದೊಡ್ಡವರಿಗೆಲ್ಲ ಅದೇ ಆಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ 48, 52 ಇಂಚಿನವು ಬೇಕು.

ದುಡ್ಡು ಎಲ್ಲಿಗೆ ಹೋಗಬೇಕು

2,000ದಿಂದ 5,000 ರೂಪಾಯಿ ಒಳಗೆ ಮೇಪಲ್ ಮರದ, ಎರಡು ತುಂಡಿನ, ಆಡಬಹುದಾದ ಕ್ಯೂ ಸಿಗುತ್ತದೆ. ಆ ದುಡ್ಡಿಗೆ ಎರಡು ವಿಷಯ ಕೇಳಿ: ನೇರವಾದ ಮರ, ಅಂಟು ಹಾಕಿ ಕೂರಿಸಿದ ಚರ್ಮದ ಟಿಪ್. ಮಿಕ್ಕಿದ್ದೆಲ್ಲ ಆಮೇಲೆ.

ಬಟ್ ಭಾಗದ, ಅಂದರೆ ಹಿಡಿಕೆ ಕಡೆಯ ದಪ್ಪ ತುಂಡಿನ ಚಿತ್ತಾರಕ್ಕೂ ಬಾಲ್‌ಗೂ ಸಂಬಂಧವೇ ಇಲ್ಲ. ಕಡಿಮೆ ಬೆಲೆಯ ಕ್ಯೂಗಳಲ್ಲಿ ಕಾಣುವ ಚಿತ್ತಾರ ಸಾಮಾನ್ಯವಾಗಿ ಮೇಲೆ ಅಂಟಿಸಿದ ಸ್ಟಿಕ್ಕರ್, ಅದರ ಮೇಲೆ ಪಾಲಿಶ್. ಶಾಫ್ಟ್ ಅಂದರೆ ಟಿಪ್ ಕಡೆಯ ತೆಳ್ಳಗಿನ ತುಂಡು; ಕಾರ್ಬನ್ ಶಾಫ್ಟ್ ಈಗ ಫ್ಯಾಷನ್. ಸೈಡ್ ಹಾಕಿ, ಅಂದರೆ ಬಾಲ್‌ನ ನಡು ಬಿಟ್ಟು ಪಕ್ಕಕ್ಕೆ ಹೊಡೆದಾಗ ಬಿಳಿ ಬಾಲ್ ದಾರಿ ತಪ್ಪುವುದನ್ನು ಅದು ಕಡಿಮೆ ಮಾಡುತ್ತದೆ, ನಿಜ. ಆದರೆ ಬಾಲ್‌ನ ನಟ್ಟ ನಡುವಿಗೇ ಹೊಡೆಯಲು ಕಲಿಯುತ್ತಿರುವವರಿಗೆ ಅದು ಯಾಕೆ? ಬ್ರೇಕ್‌ಗೆ ಅಂತ ಬೇರೆ ಕ್ಯೂ ಕೂಡ ಸದ್ಯಕ್ಕೆ ಬೇಡ. ಹಿಡಿಕೆಗೆ ದಾರ ಸುತ್ತಿದ್ದು, ಚರ್ಮ ಸುತ್ತಿದ್ದು, ಏನೂ ಸುತ್ತದ್ದು, ಮೂರೂ ಸಿಗುತ್ತವೆ. ಅಂಗೈ ತುಂಬ ಬೆವರುವವರು ದಾರದ್ದು ತಗೊಳ್ಳಲಿ.

ಹಳೆಯದು ಸಿಕ್ಕರೆ ಬಿಡಬೇಡಿ. ಪಾರ್ಲರ್‌ನಲ್ಲಿ ಯಾರೋ ಒಬ್ಬರು ಹೆಚ್ಚು ಬೆಲೆಯ ಕ್ಯೂಗೆ ಹೋಗುತ್ತಲೇ ಇರುತ್ತಾರೆ. ಅವರ ಹಳೆಯದರ ಸುದ್ದಿ ಮೊದಲು ತಿಳಿಯುವುದು ಮಾರ್ಕರ್‌ಗೆ. ನನ್ನ ಈಗಿನ ಕ್ಯೂ ಹಾಗೆ ಬಂದದ್ದು, 2,500ಕ್ಕೆ. ಅದರ ಮೇಲೆ ಯಾವ ಪ್ರಾಣಿಯೂ ಇಲ್ಲ.

ಅಂಗಡಿಯಲ್ಲಿ ಐದು ನಿಮಿಷ

ಕ್ಯೂ ಕೈಗೆ ಬಂದ ತಕ್ಷಣ ಗಾಳಿಯಲ್ಲಿ ಹೊಡೆದು ನೋಡುವುದು ಎಲ್ಲರ ಅಭ್ಯಾಸ. ಅದರಿಂದ ಏನೂ ತಿಳಿಯುವುದಿಲ್ಲ. ಮೊದಲು ತಿರುಪು ಬಿಚ್ಚಿ, ತೆಳ್ಳಗಿನ ತುಂಡನ್ನು ಮಾತ್ರ ಹಿಡಿಯಿರಿ. ಅದೇ ಶಾಫ್ಟ್. ಬಡಗಿ ರೀಪರ್ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ದಪ್ಪ ತುದಿಯಿಂದ ಟಿಪ್ ಕಡೆಗೆ ನೋಡಿ. ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋಗಿ. ಬಾಗಿದ್ದರೆ ಟಿಪ್ ಜಾಗದಲ್ಲೇ ನಿಲ್ಲದೆ ಸಣ್ಣ ಸುತ್ತು ಹಾಕುತ್ತದೆ.

ಆಮೇಲೆ ಜೋಡಿಸಿ, ಟೇಬಲ್ ಮೇಲೆ ಉರುಳಿಸಿ. ಇಲ್ಲೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಕ್ಯೂ ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗುತ್ತದೆ, ಅದೂ ಎಲ್ಲ ಕಡೆ ಒಂದೇ ಅಳತೆಯಲ್ಲಿ ಅಲ್ಲ. ಹಾಗಾಗಿ ನೇರವಾದ ಕ್ಯೂನ ಕೆಳಗೂ ಅಲ್ಲಲ್ಲಿ ಬೆಳಕಿನ ಸಂದು ಕಾಣುತ್ತದೆ. ಸಂದು ಕಂಡರೆ ಗಾಬರಿ ಬೇಡ. ಉರುಳುವಾಗ ಆ ಸಂದು ಒಂದೇ ಸಮ ಇದ್ದರೆ ಕ್ಯೂ ನೇರ ಇದೆ. ತೆರೆದುಕೊಳ್ಳುತ್ತಾ ಮುಚ್ಚಿಕೊಳ್ಳುತ್ತಾ ಇದ್ದರೆ, ಟಿಪ್ ಕುಣಿಯುತ್ತಿದ್ದರೆ, ವಾಪಸ್ ಕೊಟ್ಟುಬಿಡಿ. ಎರಡು ತುಂಡೂ ಬೇರೆ ಬೇರೆ ನೇರ ಇದ್ದು, ಜೋಡಿಸಿದಾಗ ಮಾತ್ರ ಕುಣಿದರೆ ದೋಷ ಜಾಯಿಂಟ್‌ನದು.

ಜಾಯಿಂಟ್ ನೋಡುವುದು ಸುಲಭ. ತಿರುಪು ಮೆತ್ತಗೆ ಹೋಗಿ, ಕೊನೆಗೆ ಎರಡೂ ಮುಖ ಕೂಡಿಕೊಳ್ಳಬೇಕು. ಉಗುರು ತೂರುವಷ್ಟು ಸಂದು ಉಳಿಯಬಾರದು. ಆಮೇಲೆ ಹಿಡಿಕೆಯನ್ನು ಸಡಿಲವಾಗಿ ಹಿಡಿದು ಬುಡಕ್ಕೆ ಅಂಗೈಯಿಂದ ಒಂದು ಏಟು ಕೊಡಿ. ನಮ್ಮ ಮಾರ್ಕರ್ ಅಣ್ಣ ಈ ಏಟು ಕೊಟ್ಟು ಕಿವಿ ಹತ್ತಿರ ತಂದು ಕೇಳುತ್ತಾರೆ, ತೆಂಗಿನಕಾಯಿ ಆರಿಸುವವರ ಹಾಗೆ. ಝುಂ ಅಂತ ಸದ್ದು ಬಂದರೆ ಒಳಗೆ ಏನೋ ಸಡಿಲ ಇದೆ, ಬೋಲ್ಟೋ ಫೆರೂಲೋ.

ಇನ್ನೊಂದು ಪ್ರಶ್ನೆ ಕೇಳಿ: ತಿರುಪಿನ ಅಳತೆ ಏನು? 5/16 ಇಂಚು ದಪ್ಪದ ತಿರುಪಿನಲ್ಲಿ ಇಂಚಿಗೆ 18 ಎಳೆ, 5/16 ದಪ್ಪದ್ದರಲ್ಲಿ 14, 3/8 ದಪ್ಪದ್ದರಲ್ಲಿ 10, ಹೀಗೆ ಕೆಲವು ಅಳತೆ ಹೆಚ್ಚು ಬಳಕೆಯಲ್ಲಿವೆ. ಅವುಗಳಲ್ಲಿ ಒಂದಾಗಿದ್ದರೆ ಮುಂದೆ ಶಾಫ್ಟ್ ಒಂದನ್ನೇ ಬದಲಿಸಬಹುದು. ಆನ್‌ಲೈನ್‌ನಲ್ಲೇ ತರಿಸುವುದಾದರೆ ಈ ಅಳತೆ ಬರೆದಿರುವ, ವಾಪಸ್ ತಗೊಳ್ಳುವ ಕಡೆಯೇ ತರಿಸಿ. ಡಬ್ಬಿ ಬಂದ ದಿನವೇ ಮೇಲಿನ ಪರೀಕ್ಷೆ ಮುಗಿಸಿ.

ಟಿಪ್: ಹೆಬ್ಬೆರಳಿಗಿಂತ ಸಣ್ಣದು, ಕೆಲಸ ಮಾತ್ರ ದೊಡ್ಡದು

ಕ್ಯೂ ಬಾಲ್‌ಗೆ ತಾಗಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು. ಅಷ್ಟರಲ್ಲೇ ವೇಗ, ದಿಕ್ಕು, ಸ್ಪಿನ್ ಎಲ್ಲ ತೀರ್ಮಾನ ಆಗುತ್ತದೆ. ಆ ಹೊತ್ತಿನಲ್ಲಿ ಬಾಲ್ ಮುಟ್ಟುವುದು ಟಿಪ್ ಮಾತ್ರ. ಚರ್ಮದ ತುದಿ ಬರುವ ಮೊದಲು ಬರಿ ಮರದಿಂದಲೇ ಆಡುತ್ತಿದ್ದರು, ಬಾಲ್‌ನ ನಡು ಬಿಟ್ಟು ಹೊಡೆದರೆ ಜಾರುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಇದನ್ನು ಬದಲಿಸಿದ ಹೆಸರು ಫ್ರಾನ್ಸಿನ ಕ್ಯಾಪ್ಟನ್ ಮಿಂಗೋ ಅವರದು. ಜೈಲಿನಲ್ಲಿ ಕೂತು ಬಿಲಿಯರ್ಡ್ಸ್ ಅಭ್ಯಾಸ ಮಾಡಿದ ಮಹಾನುಭಾವ.

ಮೊದಲ ಕ್ಯೂಗೆ ಮೀಡಿಯಂ ಟಿಪ್ ಸರಿ. ತೀರಾ ಮೆತ್ತಗಿನದು ಬೇಗ ಹರಡಿ ಅಣಬೆ ಥರ ಆಗುತ್ತದೆ. ಗಟ್ಟಿಯದು ಚಾಕ್ (ಹಿಡಿತಕ್ಕೆ ಟಿಪ್‌ಗೆ ಹಚ್ಚುವ ಗಟ್ಟಿ) ಹಿಡಿಯುವುದಿಲ್ಲ, ಬಾಲ್ ಮೇಲೆ ಜಾರಿ ಮಿಸ್‌ಕ್ಯೂ ಆಗುತ್ತದೆ. ಹೊಸ ಕ್ಯೂನ ಟಿಪ್ ಕೆಲವೊಮ್ಮೆ ಚಪ್ಪಟೆಯಾಗಿ, ನುಣುಪಾಗಿ ಬರುತ್ತದೆ. ಹಾಗೇ ಆಡಲು ಹೋಗಬೇಡಿ. ಒಂದು ರೂಪಾಯಿ ನಾಣ್ಯವನ್ನು ಟಿಪ್ ಪಕ್ಕ ನಿಲ್ಲಿಸಿ. ನಾಣ್ಯದ ಅಂಚು ಎಷ್ಟು ಬಾಗಿದೆಯೋ ಟಿಪ್‌ನ ಮೇಲ್ಭಾಗವೂ ಹೆಚ್ಚುಕಡಿಮೆ ಅಷ್ಟೇ ಬಾಗಿರಬೇಕು. ಇಲ್ಲದಿದ್ದರೆ ಮರಳು ಕಾಗದದಿಂದ ಅಂಚಿನಿಂದ ನಡುವಿಗೆ ಸ್ವಲ್ಪ ಸ್ವಲ್ಪವೇ ಉಜ್ಜಿ. ಫೆರೂಲ್‌ಗೆ ಗೀರು ಬೀಳದ ಹಾಗೆ ಅದರ ಸುತ್ತ ಟೇಪ್ ಹಚ್ಚಿಕೊಳ್ಳಿ. ಮೊದಲ ಸಲ ಮಾರ್ಕರ್ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಚಾಕ್ ಹಚ್ಚುವಾಗ ಬತ್ತಿ ತಿರುಗಿಸಿದ ಹಾಗೆ ಗರಗರ ತಿರುಗಿಸಬೇಡಿ. ಬಣ್ಣ ಬಳಿದ ಹಾಗೆ ಅಂಚಿನ ಮೇಲೂ ಸವರಿ. ಅಂದ ಹಾಗೆ ಆ ನೀಲಿ ಗಟ್ಟಿಯಲ್ಲಿ ಸ್ಕೂಲಿನ ಸೀಮೆಸುಣ್ಣ ಇಲ್ಲ. ಸಿಲಿಕಾದಂಥ ತರಿ ಪುಡಿ ಸೇರಿಸಿ ಮಾಡಿದ ಈಗಿನ ಬಗೆಯ ಚಾಕ್‌ಗೆ 1897ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಹಿಡಿತ ಕೊಡುವುದು ಆ ತರಿಯೇ. ಚರ್ಮ ಸವೆದು ಎರಡು ಮಿ.ಮೀ. ಹತ್ತಿರ ಬಂದಾಗ ಟಿಪ್ ಬದಲಿಸಿ. ಟಿಪ್ ಬದಲಿಸಲು ಆಗುವ ಖರ್ಚು ಹೊಸ ಕ್ಯೂ ಮುಂದೆ ಏನೇನೂ ಅಲ್ಲ.

ಮನೆಗೆ ತಂದ ಮೇಲೆ

ಮರಕ್ಕೆ ಎರಡು ಶತ್ರು, ಬಿಸಿಲಲ್ಲಿ ನಿಂತ ಕಾರು ಮತ್ತು ಮಳೆಗಾಲದ ತೇವ. ಮಂಗಳೂರು, ಉಡುಪಿ ಕಡೆಯವರಿಗೆ ಎರಡನೆಯದನ್ನು ಹೇಳಿಕೊಡಬೇಕಾಗಿಲ್ಲ. ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ. ಗೋಡೆಗೆ ಓರೆಯಾಗಿ ಒರಗಿಸಬೇಡಿ, ತಿಂಗಳುಗಟ್ಟಲೆ ನಿಂತರೆ ಬಾಗುತ್ತದೆ. ಮಳೆಯಲ್ಲಿ ಸ್ಕೂಟರ್ ಮೇಲೆ ತಂದಿದ್ದರೆ ಒರೆಸಿ, ರಾತ್ರಿ ಬ್ಯಾಗಿನ ಜಿಪ್ ತೆರೆದಿಡಿ. ಶಾಫ್ಟ್ ಅಂಟಂಟು ಅನ್ನಿಸಿದರೆ ಪೌಡರ್ ಸುರಿದುಕೊಳ್ಳುವವರಿದ್ದಾರೆ. ಅದು ಟೇಬಲ್ ಬಟ್ಟೆಗೆಲ್ಲ ಬಿದ್ದು ಬೈಸಿಕೊಳ್ಳುತ್ತಾರೆ. ಹಿಂಡಿದ ಒದ್ದೆ ಬಟ್ಟೆಯಿಂದ ಒಂದು ಸಲ, ಒಣ ಬಟ್ಟೆಯಿಂದ ತಕ್ಷಣ ಇನ್ನೊಂದು ಸಲ ಒರೆಸಿದರೆ ಸಾಕು.

ಬಿಚ್ಚಿದಾಗ ಒಂದೊಂದು ತುಂಡು 29 ಇಂಚು, ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲೂ ಹೋಗಬಹುದು. ಅದಕ್ಕೆ ಒಳಗೆ ಎರಡು ಖಾನೆ ಇರುವ, ಕೊಳವೆಯಂಥ ಗಟ್ಟಿ ಕೇಸ್ ಒಂದನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ. ನಾನು ಸೇರಿಸಿರಲಿಲ್ಲ. ಮೊದಲ ತಿಂಗಳು ನನ್ನ ಈಗಿನ ಕ್ಯೂ ಬಟ್ಟೆಯಲ್ಲಿ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿತ್ತು. ಯುಗಾದಿ ಹಿಂದಿನ ದಿನ ಪಾರ್ಲರ್‌ನಿಂದ ಫೋನ್ ಬಂತು, ಟೇಬಲ್ ಖಾಲಿ ಇದೆ ಅಂತ. ಹುಡುಕುತ್ತೇನೆ, ಬೀರುವಿನ ಮೇಲೆ ಇಲ್ಲ. ಅಡುಗೆಮನೆಯಲ್ಲಿ ಅಮ್ಮ ಶಾಫ್ಟ್ ತುದಿಗೆ ಚಿಂದಿ ಕಟ್ಟಿ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದರು. "ಹಗುರಾಗಿದೆ ಕಣೋ, ಚೆನ್ನಾಗಿದೆ" ಅಂದರು. ಸಂಜೆಯೇ ಹೋಗಿ ಕೇಸ್ ತಂದೆ.