ಶನಿವಾರ ಎಂಟು ಪೆಡಿಕ್ಯೂರ್: ಟಬ್, ಸೆಟ್, ಸಮಯ ಹೊಂದಿಸುವ ಬಗೆ

ಮದುವೆ ಸೀಸನ್ನಿನ ಶನಿವಾರ. ಪಾರ್ಲರಿನಲ್ಲಿ ಒಂದೇ ಪೆಡಿಕ್ಯೂರ್ ಕುರ್ಚಿ, ಕೆಲಸಕ್ಕೆ ಒಬ್ಬರೇ, ಪುಸ್ತಕದಲ್ಲಿ ಎಂಟು ಹೆಸರು. ಇಂಥ ದಿನ ಮಧ್ಯಾಹ್ನ ಎರಡರ ಹೊತ್ತಿಗೆಲ್ಲ ಅರ್ಧ ಗಂಟೆ ಹಿಂದೆ ಬಿದ್ದಿರುತ್ತೀರಿ. ಆಗ ಮೊದಲು ಕತ್ತರಿ ಬೀಳುವುದು ಟಬ್ ತೊಳೆಯುವ ಕೆಲಸಕ್ಕೆ. ನೀರು ಚೆಲ್ಲಿ, ಒಂದು ಮಗ್ ನೀರು ಸುತ್ತಲೂ ಹಾಯಿಸಿ, ನಾಲ್ಕು ಹನಿ ಆಂಟಿಸೆಪ್ಟಿಕ್ ಬಿಟ್ಟರೆ ವಾಸನೆಯೇನೋ ಆಸ್ಪತ್ರೆಯದ್ದೇ ಬರುತ್ತದೆ. ಟಬ್ಬಿನ ಗೋಡೆಗೆ ಅಂಟಿದ ಹಿಂದಿನವರ ಸತ್ತ ಚರ್ಮ ಮಾತ್ರ ಅಲ್ಲೇ ಇರುತ್ತದೆ.

ಟಬ್ಬಿನಲ್ಲಿ ಕ್ರಿಮಿನಾಶಕ ಹತ್ತು ನಿಮಿಷ ನಿಲ್ಲಬೇಕು. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಆ ಹತ್ತು ನಿಮಿಷ ಕುರ್ಚಿಯೂ ಖಾಲಿ ಇರಬೇಕು, ಕಸ್ಟಮರ್ ಸೋಫಾದಲ್ಲಿ ಕೂತು ಗಡಿಯಾರ ನೋಡಬೇಕು ಎಂದು ಯಾರೂ ಹೇಳಿಲ್ಲ. ಇನ್ನೊಂದು ಟಬ್ ತನ್ನಿ, ಅಷ್ಟೇ. ಹೊಸಬರ ಕೆಲಸ ಒಂದರಲ್ಲಿ ನಡೆಯುವಾಗ ಹಳೆ ಟಬ್ ಬಚ್ಚಲಲ್ಲಿ ಹೈಪೋದಲ್ಲಿ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ರಿಮಿನಾಶಕದಲ್ಲಿ, ನೆನೆಯುತ್ತಿರುತ್ತದೆ.

ಲೆಕ್ಕ ನೋಡಿ. ಕೆಲಸ 45 ನಿಮಿಷದ್ದು. ಟಬ್ ಒಂದೇ ಆದರೆ ಚೆಲ್ಲುವುದು, ಉಜ್ಜುವುದು, ಹತ್ತು ನಿಮಿಷ ಕಾಯುವುದು, ತೊಳೆದು ಒರೆಸಿ ಮತ್ತೆ ತುಂಬುವುದು ಸೇರಿ ನಡುವೆ 20 ನಿಮಿಷ ಬೇಕು. ಕೊನೆಯವರ ನಂತರ ತೊಳೆಯುವುದೂ ಸೇರಿ ಎಂಟು ಜನಕ್ಕೆ 520 ನಿಮಿಷ. ಟಬ್ ಎರಡಿದ್ದರೆ ನಡುವಿನ ಸಮಯ ಹತ್ತಕ್ಕೆ ಇಳಿಯುತ್ತದೆ, ಒಟ್ಟು 440 ನಿಮಿಷ. ಊಟಕ್ಕೆ 40 ನಿಮಿಷ ಬಿಟ್ಟರೂ ಬೆಳಿಗ್ಗೆ 10ಕ್ಕೆ ಶುರು ಮಾಡಿದವರು ಸಂಜೆ 6ಕ್ಕೆ ಮುಗಿಸುತ್ತಾರೆ. ಒಂದೇ ಟಬ್ಬಿನವರು ಏಳೂ ಇಪ್ಪತ್ತರವರೆಗೆ ನಿಂತಿರಬೇಕು. ಹಾಗಾಗಿ ಬುಕಿಂಗನ್ನು 45 ನಿಮಿಷಕ್ಕೆ ಒಂದು ಅಂತ ಬರೆಯಲೇಬೇಡಿ, 55ಕ್ಕೆ ಒಂದು ಅಂತ ಬರೆಯಿರಿ. ನಾಲ್ಕನೆಯವರ ನಂತರ ಊಟದ ಬಿಡುವು ಇಡಿ. ಅಷ್ಟರೊಳಗೆ ಆದ ತಡ ಅಲ್ಲೇ ಕರಗುತ್ತದೆ.

ಮೂರನೇ ಟಬ್ ಇದ್ದರೆ ಒಳ್ಳೆಯದು. ಒಂದು ಬಿರುಕು ಬಿಟ್ಟ ದಿನ ನೆನಪಾಗುತ್ತದೆ. ಕೊಳ್ಳುವಾಗ ಒಳಗೆ ನುಣುಪಾಗಿರುವ ಸಾದಾ ಪ್ಲಾಸ್ಟಿಕ್ ಟಬ್ ಆರಿಸಿ. ತಳದಲ್ಲಿ ಮಸಾಜಿಗೆಂದು ಗುಬುಟು, ರೋಲರ್ ಇರುವವು ಚೆಂದ ಕಾಣುತ್ತವೆ, ಆದರೆ ಆ ಸಂದುಗಳಿಗೆ ಬ್ರಷ್ ಹೋಗುವುದಿಲ್ಲ. ಸ್ಟೀಲ್ ಬೇಸಿನ್ ಆದರೆ ಹೈಪೋ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ.

ಟಬ್ ತೊಳೆಯುವ ಕ್ರಮ

ನೀರು ಚೆಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಟಬ್ಬಿಗೆಂದೇ ಇಟ್ಟ ಬ್ರಷ್ಷಿನಿಂದ ಒಳಗೆ, ಅಂಚಿಗೆ, ಹಿಡಿಯ ಕೆಳಗೆ ಎರಡು ನಿಮಿಷ ಉಜ್ಜಿ. ತೊಳೆಯಿರಿ. ಈಗ 5 ಲೀಟರ್ ತಣ್ಣೀರಿಗೆ 100 ಮಿ.ಲೀ. ಸೋಡಿಯಂ ಹೈಪೋಕ್ಲೋರೈಟ್ ಬೆರೆಸಿ, ಕಾಲು ಮುಳುಗುವ ಗೆರೆಗಿಂತ ಮೇಲೆ ತುಂಬಿ, ಟೈಮರ್ ಒತ್ತಿ. ಈ ಅಳತೆ ಕ್ಯಾನಿನ ಮೇಲೆ 5% ಎಂದಿದ್ದರೆ ಮಾತ್ರ. 10% ಎಂದಿದ್ದರೆ 50 ಮಿ.ಲೀ. ಸಾಕು. ಎರಡರಲ್ಲೂ ಬರುವುದು 0.1% ದ್ರಾವಣ.

ಉಜ್ಜದೆ ನೇರವಾಗಿ ಹೈಪೋ ಸುರಿದರೆ ಅದು ಚರ್ಮದ ಪುಡಿ, ಎಣ್ಣೆ, ಸೋಪಿನ ಜಿಡ್ಡಿನ ಜೊತೆ ಹೋರಾಡಿಯೇ ಸುಸ್ತಾಗುತ್ತದೆ, ಕ್ರಿಮಿಗೆ ಉಳಿಯುವುದಿಲ್ಲ. ಸ್ಪ್ರೇ ಮಾಡಿ ಬಿಡುವುದೂ ಸಾಲದು. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಮೂರೇ ನಿಮಿಷಕ್ಕೆ ಒಣಗುತ್ತದೆ. ಒಣಗಿದ ಮೇಲೆ ಕೆಲಸ ನಿಂತಂತೆ. ಬೆರೆಸಿದ ದ್ರಾವಣ ಆ ದಿನಕ್ಕೆ ಮಾತ್ರ. ಕ್ಯಾನನ್ನು ಬಿಸಿಲು ಬೀಳದ ಕಡೆ ಇಡಿ, ಬೆಳಕಿಗೂ ಶಾಖಕ್ಕೂ ಅದರ ಕಸುವು ಇಳಿಯುತ್ತದೆ. ಅದರ ಮೇಲೆ ದೊಡ್ಡದಾಗಿ ‘ಹೈಪೋ’ ಎಂದೇ ಬರೆಯಿರಿ. ‘ಬ್ಲೀಚ್’ ಎಂದು ಬರೆದರೆ ಪಾರ್ಲರಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ, ಹೊಸ ಹುಡುಗಿ ಅದನ್ನು ಫೇಶಿಯಲ್ ರ‍್ಯಾಕಿಗೆ ಸೇರಿಸಿಟ್ಟಾಳು.

ಟಾಯ್ಲೆಟ್ ಕ್ಲೀನರ್, ವಿನೆಗರ್, ಸ್ಪಿರಿಟ್ ಯಾವುದನ್ನೂ ಹೈಪೋ ಜೊತೆ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಿನಲ್ಲಿ ಅದು ಅಪಾಯವೇ. ಬೋರ್‌ವೆಲ್ ನೀರಿನ ಬಿಳಿ ಪದರ ತೆಗೆಯಲು ವಿನೆಗರ್ ಬೇಕೆಂದಿದ್ದರೆ ವಾರಕ್ಕೊಮ್ಮೆ, ಬೇರೆ ಹೊತ್ತಿನಲ್ಲಿ, ಪೂರ್ತಿ ತೊಳೆದ ಟಬ್ಬಿಗೆ. ಆ ಪದರ ಉಳಿಸಬೇಡಿ, ಒರಟು ಮೇಲ್ಮೈಯಲ್ಲಿ ಜಿಡ್ಡು ಬೇಗ ಮನೆ ಮಾಡುತ್ತದೆ.

ಹತ್ತು ನಿಮಿಷದ ನಂತರ ಎರಡು ಸಲ ತೊಳೆದು, ಟಿಶ್ಯೂನಲ್ಲಿ ಒರೆಸಿ, ಬೋರಲು ಹಾಕಿ. ಸರಿಯಾಗಿ ತೊಳೆಯದೆ ಬಿಟ್ಟರೆ ಕಸ್ಟಮರಿನ ಬೆಳ್ಳಿ ಗೆಜ್ಜೆಯೇ ಹೇಳುತ್ತದೆ: ಉಳಿದ ಹೈಪೋಗೆ ಬೆಳ್ಳಿ ಕಪ್ಪಾಗುತ್ತದೆ.

ನೀರು ಸುತ್ತುವ ಜೆಟ್ ಮಷಿನ್ ಇದ್ದರೆ ಕೆಲಸ ಹೆಚ್ಚು. 2000ರಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಒಂದೇ ನೇಲ್ ಸಲೂನಿನ 100ಕ್ಕೂ ಹೆಚ್ಚು ಕಸ್ಟಮರುಗಳಿಗೆ ಮೊಣಕಾಲ ಕೆಳಗೆ ಕುರು ಎದ್ದವು, ತಿಂಗಳುಗಟ್ಟಲೆ ಮಾಗಲಿಲ್ಲ. ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ ಬ್ಯಾಕ್ಟೀರಿಯಾ. ನೀರು ಒಳಗೆಳೆಯುವ ಜಾಲರಿ ಬಿಚ್ಚಿ ನೋಡಿದಾಗ ಹಿಂದೆ ಕೂದಲು, ಚರ್ಮದ ಚೂರು ಗಟ್ಟಿಯಾಗಿ ಕೂತಿತ್ತು. ಟಬ್ ಹೊರಗಿಂದ ಹೊಳೆಯುತ್ತಿದ್ದರೆ ಸಾಲದು. ಜೆಟ್ ಇರುವವರು ಪ್ರತಿ ಕಸ್ಟಮರ್ ಆದಮೇಲೆ, ಮಷಿನ್ ಕಂಪನಿ ಒಪ್ಪುವ ದ್ರಾವಣ ಹಾಕಿ, ಮೋಟರ್ ಓಡಿಸಿಯೇ ಹತ್ತು ನಿಮಿಷ ಬಿಡಬೇಕು. ರಾತ್ರಿ ಜಾಲರಿ ಬಿಚ್ಚಿ ಉಜ್ಜಬೇಕು. ಎಂಟು ಬುಕಿಂಗಿನ ದಿನ ಇದು ಆಗದ ಮಾತು. ಸಾದಾ ಟಬ್ಬೇ ವಾಸಿ.

ಅದೇ ಘಟನೆಯಲ್ಲಿ ಪೆಡಿಕ್ಯೂರಿಗೆ ಮುಂಚೆ ರೇಜರ್‌ನಲ್ಲಿ ಕಾಲು ಶೇವ್ ಮಾಡಿಕೊಂಡವರಿಗೆ ಸೋಂಕು ಹೆಚ್ಚು ತಗಲಿತ್ತು. ‘ವ್ಯಾಕ್ಸಿಂಗ್ + ಪೆಡಿಕ್ಯೂರ್’ ಪ್ಯಾಕೇಜ್ ಮಾರುವವರು ಗಮನಿಸಿ: ಪೆಡಿಕ್ಯೂರ್ ಮೊದಲು, ವ್ಯಾಕ್ಸಿಂಗ್ ಆಮೇಲೆ. ಆ ದಿನ ಮಸಾಜನ್ನು ಪಾದಕ್ಕೇ ನಿಲ್ಲಿಸಿ, ಎಣ್ಣೆ ಹತ್ತಿದ ಕಾಲಿಗೆ ವ್ಯಾಕ್ಸ್ ಹಿಡಿಯುವುದಿಲ್ಲ.

ಸಲಕರಣೆಯ ಸೆಟ್

ಒಂದು ಸೆಟ್ ಎಂದರೆ ಕಾಲಿನ ನೇಲ್ ಕಟರ್, ಕ್ಯುಟಿಕಲ್ (ಉಗುರಿನ ಬುಡದ ಚರ್ಮ) ಹಿಂದೆ ತಳ್ಳುವ ಪುಶರ್, ಅದನ್ನು ಕತ್ತರಿಸುವ ನಿಪ್ಪರ್, ಸ್ಟೀಲ್ ಫೂಟ್ ಫೈಲ್. ಎಂಟು ಬುಕಿಂಗಿಗೆ ಎಂಟು ಸೆಟ್, ಕೆಳಗೆ ಬಿದ್ದರೆಂದು ಇನ್ನೆರಡು. ಅಷ್ಟು ಸೆಟ್ ಇಲ್ಲದಿದ್ದರೆ ಆರರಲ್ಲಿ ನಡೆಸಬಹುದು, ಆದರೆ ಊಟದ ಹೊತ್ತಿಗೆ ಬಳಸಿದ ನಾಲ್ಕನ್ನು ಆಟೋಕ್ಲೇವಿಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಮಷಿನ್) ಹಾಕಲೇಬೇಕು. 121 ಡಿಗ್ರಿಯಲ್ಲಿ ನಿಲ್ಲುವ ಸಮಯದ ಜೊತೆ ಬಿಸಿಯಾಗುವುದು, ಪ್ರೆಶರ್ ಇಳಿಯುವುದು, ಒಣಗುವುದು ಎಲ್ಲ ಸೇರಿ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಎಷ್ಟು ನಿಮಿಷ ನಿಲ್ಲಬೇಕೆಂಬುದು ಮಷಿನ್ ಪುಸ್ತಕದಲ್ಲಿರುತ್ತದೆ. ಪ್ಯಾಕೆಟ್ಟಿನಲ್ಲಿಟ್ಟ ಸಲಕರಣೆಗೆ ಬಿಡಿ ಸಲಕರಣೆಗಿಂತ ಹೆಚ್ಚು ಸಮಯ ಬೇಕು. ಪ್ಯಾಕೆಟ್ಟಿಗೆ ಅಂಟಿಸುವ ಆಟೋಕ್ಲೇವ್ ಟೇಪಿನ ಗೆರೆ ಕಪ್ಪಾಯಿತೆಂದರೆ ಶಾಖ ತಗಲಿದೆ ಎಂದಷ್ಟೇ, ಪೂರ್ತಿ ಹೊತ್ತು ತಗಲಿತು ಎಂದಲ್ಲ.

ಹಾಕುವ ಮೊದಲು ಸೋಪ್ ನೀರಿನಲ್ಲಿ ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಬೇಕು. ನಿಪ್ಪರಿನ ಕೀಲನ್ನು ಅಗಲಿಸಿ ನೋಡಿ, ಕ್ಯುಟಿಕಲ್ ಚೂರು ಸಿಕ್ಕಿಕೊಳ್ಳುವುದು ಅಲ್ಲೇ. ತೊಳೆದು ಒಣಗಿಸಿ ಪ್ಯಾಕ್ ಮಾಡಿ. ತೇವ ಉಳಿದರೆ ಬಾಯಿ ತುಕ್ಕು ಹಿಡಿದು ಮೊಂಡಾಗುತ್ತದೆ, ಮೊಂಡು ನಿಪ್ಪರ್ ಚರ್ಮವನ್ನು ಕತ್ತರಿಸುವ ಬದಲು ಕಿತ್ತು ರಕ್ತ ಬರಿಸುತ್ತದೆ. ಪ್ಯಾಕೆಟ್ಟನ್ನು ಕಸ್ಟಮರ್ ಎದುರಿಗೇ ಹರಿಯಿರಿ.

ಆಟೋಕ್ಲೇವ್ ಇನ್ನೂ ಕೊಂಡಿಲ್ಲವೆಂದರೆ, ಉಜ್ಜಿ ತೊಳೆದ ಸಲಕರಣೆಯನ್ನು ಪೂರ್ತಿ ಮುಳುಗುವಂತೆ ಕೊತಕೊತ ಕುದಿಯುವ ನೀರಿನಲ್ಲಿ 20 ನಿಮಿಷ ಇಡಿ. ಇದಕ್ಕೂ ಜಗ್ಗದ, ಗಟ್ಟಿ ಕವಚದೊಳಗಿನ ಬ್ಯಾಕ್ಟೀರಿಯಾ ಸ್ಪೋರ್‌ಗಳಿವೆ, ಆದರೂ ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆಯುವುದಕ್ಕಿಂತ ಎಷ್ಟೋ ಮೇಲು. ನೀಲಿ ದೀಪದ ಯುವಿ ಪೆಟ್ಟಿಗೆಯನ್ನು ಸ್ಟೆರಿಲೈಜರ್ ಎಂದು ಮಾರುತ್ತಾರೆ. ಬೆಳಕು ಬಿದ್ದ ಮೇಲ್ಮೈಗೆ ಅಷ್ಟಿಷ್ಟು ಕೆಲಸ ಮಾಡೀತು, ಕೀಲಿನೊಳಗೆ ಬೆಳಕೇ ಹೋಗುವುದಿಲ್ಲ. ಶುದ್ಧವಾದದ್ದನ್ನು ಎತ್ತಿಡುವ ಕಪಾಟೆಂದು ಬಳಸಿ, ಸಾಕು.

ಪ್ಯೂಮಿಸ್ ಕಲ್ಲು, ಬಫರ್, ಮರಳು ಕಾಗದದ ಫೈಲ್, ಆರೆಂಜ್ ಸ್ಟಿಕ್ ಎಂಬ ಮರದ ಕಡ್ಡಿ, ಬೆರಳ ನಡುವಿನ ಸ್ಪಂಜು ಇವೆಲ್ಲ ಒಬ್ಬರಿಗೆ ಒಂದು. ರಂಧ್ರವಿರುವ ವಸ್ತುವನ್ನು ಯಾವ ದ್ರಾವಣವೂ ಒಳಗಿನವರೆಗೆ ಶುದ್ಧ ಮಾಡದು. ಕೆಲಸ ಮುಗಿದ ಮೇಲೆ ಕಸ್ಟಮರಿಗೇ ಕೊಟ್ಟುಬಿಡಿ, ಇಲ್ಲವೇ ಕಸಕ್ಕೆ ಹಾಕಿ. ಹಿಮ್ಮಡಿ ಹೆರೆಯುವ ಬ್ಲೇಡ್ ಬೇಡವೇ ಬೇಡ. ಬೇಗ ಆಗುತ್ತದೆ ನಿಜ, ಆದರೆ ಒಂದು ಗಾಯ ಆದರೆ ಉಳಿಸಿದ ಐದು ನಿಮಿಷಕ್ಕೆ ಇಪ್ಪತ್ತು ನಿಮಿಷ ತೆರಬೇಕು.

ಟವೆಲ್ ಒಬ್ಬರಿಗೆ ಎರಡು. ದಿನಕ್ಕೆ ಹದಿನಾರು. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಮೂರು ದಿನದಷ್ಟಾದರೂ ಬೇಕು, ಮುಗ್ಗಲು ವಾಸನೆಯ ಟವೆಲ್ ಕಾಲಿಗೆ ಸುತ್ತುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಾಡುವ ಟವೆಲ್ ಇಟ್ಟುಕೊಳ್ಳುವುದೇ ಸುಲಭ.

45 ನಿಮಿಷ ಹೇಗೆ ಹಂಚಬೇಕು

ಕಾಲು ನೋಡಿ ಕೇಳುವುದು 3 ನಿಮಿಷ, ಹಳೆ ಪಾಲಿಶ್ ತೆಗೆದು ಉಗುರು ಕತ್ತರಿಸುವುದು 7, ನೆನೆಸುವುದು 8, ಹಿಮ್ಮಡಿ 8, ಕ್ಯುಟಿಕಲ್ 5, ಮಸಾಜ್ 6, ಪಾಲಿಶ್ 8. ನೆನೆಸುವ 8 ನಿಮಿಷದಲ್ಲಿ ನೀವು ಕೂರಬೇಡಿ. ಬಚ್ಚಲಿನ ಟಬ್ ಖಾಲಿ ಮಾಡಿ ತೊಳೆದು ಬೋರಲು ಹಾಕುವ ಹೊತ್ತು ಇದೇ. ಕೈ ತೊಳೆದು ಹೊಸ ಗ್ಲೌಸ್ ಹಾಕಿ ಬಂದು ಕೂತರೆ ಹಿಮ್ಮಡಿ ಮೆತ್ತಗಾಗಿರುತ್ತದೆ.

ಮೊದಲ ಮೂರು ನಿಮಿಷವನ್ನು ಮಾತ್ರ ಹಾರಿಸಬೇಡಿ. ಕಾಲು ನೀರಿಗಿಳಿಯುವ ಮೊದಲು, ಒಣಗಿರುವಾಗಲೇ, ಬೆರಳ ಸಂದು ಬಿಡಿಸಿ ನೋಡಿ. ಕೆಸರುಹುಣ್ಣು, ಕೀವಾದ ಉಗುರುಸುತ್ತು, ನರುಳ್ಳೆ, ದಪ್ಪವಾಗಿ ಹಳದಿಗಟ್ಟಿ ಪುಡಿಯಾಗುವ ಉಗುರು, ರಕ್ತ ಜಿನುಗುವ ಹಿಮ್ಮಡಿ ಬಿರುಕು ಇದ್ದರೆ ಅಂದು ಪೆಡಿಕ್ಯೂರ್ ಇಲ್ಲ. ‘ಅಕ್ಕಾ, ಇದನ್ನ ಮೊದಲು ಡಾಕ್ಟರಿಗೆ ತೋರಿಸಿ, ವಾಸಿಯಾದ ಮೇಲೆ ಬನ್ನಿ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲರೆದುರು ಜೋರಾಗಿ ಹೇಳಿದರೆ ಮಾಡಿಕೊಳ್ಳುತ್ತಾರೆ.

ಶುಗರ್ ಇದೆಯೇ ಎಂದು ಬುಕಿಂಗ್ ಮಾಡುವಾಗಲೇ ಫೋನಿನಲ್ಲಿ ಕೇಳಿ, ಅಂಥವರಿಗೆ ದಿನದ ಮೊದಲ ಸರದಿ ಕೊಡಿ. ಅವರ ಪಾದಕ್ಕೆ ಬಿಸಿ, ನೋವು ಸರಿಯಾಗಿ ತಿಳಿಯದೆ ಇರಬಹುದು. ‘ನೀರು ಸರಿಯಾಗಿದೆಯಾ’ ಎಂದು ಅವರನ್ನೇ ಕೇಳಿ ಪ್ರಯೋಜನವಿಲ್ಲ, ನಿಮ್ಮ ಮೊಣಕೈ ಅದ್ದಿ ನೋಡಿ. ಕ್ಯುಟಿಕಲ್ ಕತ್ತರಿಸುವುದು, ಆಣಿ ಹೆರೆಯುವುದು ಅವರಿಗಿಲ್ಲ. ಉಗುರು ನೇರವಾಗಿ ಕತ್ತರಿಸಿ, ಮೂಲೆ ಒಳಕ್ಕೆ ಕೊರೆಯಬೇಡಿ. ಉಳಿದವರಿಗೂ ನೀರು 38–40 ಡಿಗ್ರಿ ದಾಟಬಾರದು. ಉಗುರುಬೆಚ್ಚಗೆ ಎನ್ನುವ ಮಾತು ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಕರೆಂಟ್ ನಂಬಿ ಕೂರಬೇಡಿ, ಬೆಳಿಗ್ಗೆಯೇ ಎರಡು ದೊಡ್ಡ ಫ್ಲಾಸ್ಕಿಗೆ ಬಿಸಿನೀರು ತುಂಬಿಡಿ.

ಕಾಲುಂಗುರದ ವಿಷಯ. ಮದುವೆಯಾದ ಹೆಂಗಸರಲ್ಲಿ ಬಹಳ ಮಂದಿ ತೆಗೆಯುವುದಿಲ್ಲ, ತೆಗೆಯಿರಿ ಎಂದು ಒತ್ತಾಯ ಮಾಡುವುದೂ ಸರಿಯಲ್ಲ. ಕ್ರೀಮ್, ಸ್ಕ್ರಬ್, ನೀರು ಎಲ್ಲ ಅದರ ಕೆಳಗೆ ಸೇರಿಕೊಂಡು ಚರ್ಮ ಬೆಳ್ಳಗೆ ಮೆತ್ತಗಾಗುತ್ತದೆ, ನಾಲ್ಕು ದಿನಕ್ಕೆ ತುರಿಕೆ ಶುರು. ಉಂಗುರವನ್ನು ಮೆಲ್ಲಗೆ ತಿರುಗಿಸುತ್ತ ಹತ್ತಿಕಡ್ಡಿಯಿಂದ ಸುತ್ತ ಒರೆಸಿ, ಆಮೇಲೆ ಟಿಶ್ಯೂವಿನ ತುದಿಯನ್ನು ಹುರಿ ಮಾಡಿ ಕೆಳಗೆ ತೂರಿಸಿ ಎಳೆಯಿರಿ. ಅರ್ಧ ನಿಮಿಷದ ಕೆಲಸ.

ಪಾಲಿಶ್ ಹಚ್ಚುವ ಮೊದಲು ಉಗುರನ್ನು ರಿಮೂವರ್‌ನಲ್ಲಿ ಒಮ್ಮೆ ಒರೆಸಿ, ಮಸಾಜಿನ ಎಣ್ಣೆ ಉಳಿದರೆ ಎರಡೇ ದಿನಕ್ಕೆ ಸಿಪ್ಪೆ ಏಳುತ್ತದೆ. ಒಣಗಿಸಲು ಪೆಡಿಕ್ಯೂರ್ ಕುರ್ಚಿಯಲ್ಲೇ ಕೂರಿಸಬೇಡಿ. ಫ್ಯಾನ್ ಕೆಳಗಿನ ಇನ್ನೊಂದು ಕುರ್ಚಿಗೆ ಕಳಿಸಿ, ಬಿಲ್ ಅಲ್ಲೇ ಮಾಡಿ. ಮುಂಭಾಗ ತೆರೆದ ಚಪ್ಪಲಿ ಹಾಕಿಕೊಂಡು ಬರಲು ಬುಕಿಂಗ್ ಮಾಡುವಾಗಲೇ ಹೇಳಿರಿ, ಇಲ್ಲದಿದ್ದರೆ ಶೂ ಹಾಕಿ ಕೆಡಿಸಿಕೊಂಡು ಮತ್ತೆ ಹಚ್ಚಿ ಎಂದು ಬರುತ್ತಾರೆ.

ರಕ್ತ ಬಂದರೆ, ತಡವಾದರೆ

ರಕ್ತ ಕಂಡ ಕೂಡಲೇ ನಿಪ್ಪರ್ ಕೆಳಗಿಟ್ಟು, ಹೊಸ ಗ್ಲೌಸ್ ಹಾಕಿ, ಹತ್ತಿ ಒತ್ತಿ ಹಿಡಿಯಿರಿ. ನಿಂತ ಮೇಲೆ ತೊಳೆದು ಪ್ಲಾಸ್ಟರ್ ಹಾಕಿ. ಎಲ್ಲರಿಗೂ ಉಜ್ಜುವ ಪಟಿಕದ ತುಂಡು ಬೇಡ. ಆ ಕಾಲು ಮತ್ತೆ ನೀರಿಗೆ ಇಳಿಯಬಾರದು. ಸೆಟ್ ಪೂರ್ತಿ ಬದಲಿಸಿ. ಕುರ್ಚಿಗೋ ನೆಲಕ್ಕೋ ತಾಗಿದ ರಕ್ತ ಒರೆಸಿದ ಮೇಲೆ ಆ ಜಾಗಕ್ಕೆ ಒಂದು ಪಾಲು 5% ಹೈಪೋ, ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತದೆ. ಕೆಲಸ ಮಾಡುವವರು ಅದರ ಲಸಿಕೆಯನ್ನು ಮೂರು ಡೋಸೂ ಹಾಕಿಸಿಕೊಂಡಿರಬೇಕು.

ಕಸ್ಟಮರ್ ಹತ್ತು ನಿಮಿಷ ತಡವಾಗಿ ಬಂದರೆ ನೆನೆಸುವುದನ್ನು 5ಕ್ಕೆ, ಮಸಾಜನ್ನು 3ಕ್ಕೆ ಇಳಿಸಿ, ಪಾಲಿಶ್ ಒಂದೇ ಕೋಟ್ ಹಚ್ಚಿ. ಇಪ್ಪತ್ತು ನಿಮಿಷ ದಾಟಿದರೆ ಉಗುರು ಕತ್ತರಿಸಿ, ಫೈಲ್ ಮಾಡಿ, ಪಾಲಿಶ್ ಹಚ್ಚಿ ಕಳಿಸಿ, ನೀರೇ ಬೇಡ. ದುಡ್ಡೂ ಅಷ್ಟಕ್ಕೇ ತೆಗೆದುಕೊಳ್ಳಿ. ಟಬ್ಬಿನ ಹತ್ತು ನಿಮಿಷದ ತಂಟೆಗೆ ಹೋಗಬೇಡಿ.

ಮದುಮಗಳ ಬುಕಿಂಗ್ ಬಂದರೆ ಮೆಹಂದಿ ಯಾವತ್ತು ಎಂದು ಮೊದಲು ಕೇಳಿ. ಪೆಡಿಕ್ಯೂರ್ ಅದಕ್ಕಿಂತ ಹಿಂದಿನ ದಿನ ಆಗಬೇಕು, ಮೆಹಂದಿ ಮೇಲೆ ಸ್ಕ್ರಬ್ ಬಿದ್ದರೆ ಬಣ್ಣ ಹೋಗುತ್ತದೆ. ಪಾಲಿಶನ್ನು ಅರಿಶಿನ ಶಾಸ್ತ್ರ ಮುಗಿದ ಮೇಲೆ ಹಚ್ಚಿ. ತಿಳಿ ಬಣ್ಣಕ್ಕೆ ಅರಿಶಿನ ಹತ್ತಿದರೆ ಬಿಡುವುದಿಲ್ಲ. ಅಂದರೆ ಒಬ್ಬ ಮದುಮಗಳಿಗೆ ಪುಸ್ತಕದಲ್ಲಿ ಎರಡು ಕಡೆ ಜಾಗ ಬಿಡಿ: ಒಂದು ಪೂರ್ತಿ 55 ನಿಮಿಷ, ಇನ್ನೊಂದು ಪಾಲಿಶಿಗೆ 15.