ಮಗುವಿನ ಸೊಂಟದಲ್ಲಿ ಪೆಡೋಮೀಟರ್ ಎಲ್ಲಿರಬೇಕು?

ಮಗುವಿನ ಹೆಜ್ಜೆಗಳ ಲೆಕ್ಕ ತಪ್ಪಿದರೆ, ಹೆಜ್ಜೆ ಎಣಿಸುವ ಪುಟ್ಟ ಸಾಧನವಾದ ಪೆಡೋಮೀಟರನ್ನು ದೂರುವ ಮೊದಲು ಅದನ್ನು ಸಿಕ್ಕಿಸಿದ ಜಾಗವನ್ನು ನೋಡಬೇಕು. ಸ್ಪ್ರಿಂಗ್ ಮಾದರಿಯ ಪೆಡೋಮೀಟರಿನೊಳಗೆ ಅಡ್ಡಲಾಗಿ ತೂಗುವ ಪುಟ್ಟ ಸನ್ನೆಯೊಂದು (ಲಿವರ್) ಇರುತ್ತದೆ. ಪ್ರತಿ ಹೆಜ್ಜೆಗೂ ಸೊಂಟ ಮೇಲೆ ಕೆಳಗೆ ಆಡಿದಂತೆ ಅದೂ ಆಡಿ ಒಂದೊಂದೇ ಎಣಿಕೆ ಏರುತ್ತದೆ. ಪೆಡೋಮೀಟರು ನೆಟ್ಟಗೆ ನಿಲ್ಲದೆ ವಾಲಿತೆಂದರೆ ಸನ್ನೆ ಸರಿಯಾಗಿ ಆಡದೆ ಎಷ್ಟೋ ಹೆಜ್ಜೆಗಳು ತಪ್ಪಿಹೋಗುತ್ತವೆ. ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಎಣಿಸುವ ಪೀಜೋ ಮಾದರಿಯವು ವಾಲುವಿಕೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ.

ಮಗುವನ್ನು ನೇರವಾಗಿ ನಿಲ್ಲಿಸಿ, ಮೊಣಕಾಲ ಚಿಪ್ಪಿನಿಂದ ತೊಡೆಯ ನಡುವಿನಗುಂಟ ಮೇಲಕ್ಕೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆ ಸೊಂಟಪಟ್ಟಿಯನ್ನು ಮುಟ್ಟುವಲ್ಲಿ ಪೆಡೋಮೀಟರನ್ನು ಸಿಕ್ಕಿಸಿ. ಬೆಳೆಯುವ ಮಗುವೆಂದು ಒಂದು ಅಳತೆ ದೊಡ್ಡ ಚಡ್ಡಿಯನ್ನೇ ಕೊಳ್ಳುವುದು ನಮ್ಮ ರೂಢಿಯಾದ್ದರಿಂದ, ಸಡಿಲ ಎಲಾಸ್ಟಿಕ್ಕು ಪೆಡೋಮೀಟರಿನ ಭಾರಕ್ಕೇ ಹೊರಕ್ಕೆ ಮಗುಚಿ, ಅದರ ಮುಖ ಆಕಾಶ ನೋಡತೊಡಗುತ್ತದೆ. ಅಂಥ ಚಡ್ಡಿಗೆ, ಲಂಗಕ್ಕೆ, ಫ್ರಾಕಿಗೆ ಸಿಕ್ಕಿಸುವ ಬದಲು ಮೈಗೆ ಹಿತವಾಗಿ ಬಿಗಿಯುವ ಬೇರೊಂದು ಬೆಲ್ಟು ಕಟ್ಟುವುದು ಒಳ್ಳೆಯದು. ಹೊಟ್ಟೆ ಮುಂದಿರುವ ಮಗುವಾದರೆ ಮುಂಭಾಗ ಬಿಟ್ಟು, ಪೆಡೋಮೀಟರು ನೆಟ್ಟಗೆ ನಿಲ್ಲುವಂತೆ ಪಕ್ಕಕ್ಕೋ ಬೆನ್ನಿನ ಕಡೆಗೋ ಸರಿಸಿ ನೋಡಿ.

ಜಾಗ ಸರಿಯೇ ಎಂದು ತಿಳಿಯಲು ಎಣಿಕೆಯನ್ನು ಸೊನ್ನೆಗೆ ತಂದು, ಮಗುವನ್ನು ಅದರ ಸಹಜ ನಡಿಗೆಯಲ್ಲಿ 20 ಹೆಜ್ಜೆ ನಡೆಸಿ, ನೀವು ಮನಸ್ಸಿನಲ್ಲೇ ಎಣಿಸಿ. ಮಗುವೇ ಗಟ್ಟಿಯಾಗಿ ಎಣಿಸುವುದು ಬೇಡ. ಎಣಿಸುವ ಹುರುಪಿನಲ್ಲಿ ಅದು ಕವಾಯತಿನಂತೆ ಕಾಲು ಬಡಿಯುತ್ತದೆ! ಪರದೆಯಲ್ಲಿ 19ರಿಂದ 21ರೊಳಗೆ ಬಂದರೆ ಸಾಕು. ಇಲ್ಲದಿದ್ದರೆ ತುಸು ಸರಿಸಿ ಮತ್ತೆ ನಡೆಸಿ. ಬಹಳ ನಿಧಾನವಾಗಿ ನಡೆದರೆ ಸರಿಯಾದ ಜಾಗದಲ್ಲೂ ಎಣಿಕೆ ಕಡಿಮೆ ಬರುತ್ತದೆ.

ಹೆಜ್ಜೆ ಎಣಿಸುವ ಮಣಿಕಟ್ಟಿನ ಪಟ್ಟಿ ಮಕ್ಕಳಿಗೆ ಇಷ್ಟವಾದರೂ, ಎರಡೂ ಕೈಗಳಿಂದ ಬ್ಯಾಗಿನ ಪಟ್ಟಿ ಹಿಡಿದು ನಡೆಯುವಾಗ ಅದು ಹೆಜ್ಜೆಗಳನ್ನು ಬಿಡಬಹುದು, ಕುಳಿತಲ್ಲೇ ಚಪ್ಪಾಳೆ ತಟ್ಟಿದರೆ ಸೇರಿಸಿಕೊಳ್ಳಲೂಬಹುದು. ಆದ್ದರಿಂದ ಒಂದು ದಿನ ಸೊಂಟ, ಮರುದಿನ ಮಣಿಕಟ್ಟು ಎಂದು ಬದಲಿಸಿ ಅಂಕಿಗಳನ್ನು ಹೋಲಿಸಬಾರದು. ಸ್ನಾನಕ್ಕೋ ಈಜಿಗೋ ಬಿಚ್ಚಿಟ್ಟರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬುದನ್ನು ಆ ದಿನದ ಅಂಕಿಯ ಪಕ್ಕದಲ್ಲೇ ಬರೆದಿಡಿ.